ಉಪವಾಸದ ಕುಂಡಗಳು

ಮಡಕಶಿರಾದಿಂದ ಫೋನ್ ಬಂದಾಗ ನಾನು ಅಂಗಡಿಯಲ್ಲಿ ಜಿಪ್ಪಿನ ಹೊಸ ಬಂಡಲು ಬಿಚ್ಚುತ್ತಿದ್ದೆ. ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವವರಿಗೆ ದಾರ, ಗುಂಡಿ, ಜಿಪ್ಪು ಮಾರುವುದು ನನ್ನ ಕಸುಬು. ಬೆಳಗಿನ ಹೊತ್ತು ಗಿರಾಕಿಗಳ ಗಲಾಟೆಯಲ್ಲಿ ಯಾರ ಫೋನನ್ನೂ ಸರಿಯಾಗಿ ಕೇಳಿಸಿಕೊಳ್ಳಲು ಆಗುವುದಿಲ್ಲ. ನಮ್ಮ ಮಹಡಿಯ ಮೇಲೆ ಬಾಡಿಗೆಗಿದ್ದ ಮೇಡಂ ಅವರ ತಮ್ಮ ಮಾತಾಡುತ್ತಿದ್ದೇನೆ ಅಂದಾಗ ಮಾತ್ರ ಅಂಗಡಿಯ ಹುಡುಗಿಗೆ ಗಲ್ಲಾ ನೋಡಿಕೊಳ್ಳಲು ಹೇಳಿ ಹೊರಗೆ ಬಂದೆ. ಅಕ್ಕ ಹೋದ ವಾರ ತೀರಿಕೊಂಡರು ಅಂದರು. ಬೆಳಗ್ಗೆ ಏಳಲಿಲ್ಲವಂತೆ. ಸುಸ್ತಾಗಿರಬೇಕು, ಮಲಗಲಿ ಬಿಡು ಎಂದು ಮನೆಯವರೂ ಎಬ್ಬಿಸಲಿಲ್ಲವಂತೆ. ಊಟದ ಹೊತ್ತಿಗೆ ಬಾಗಿಲು ತಟ್ಟಿದ್ದಾರೆ.

ಅವರೇ ಮುಂದುವರಿಸಿ, ಅಕ್ಕನದು ಏನಾದರೂ ಸಾಮಾನು ನಿಮ್ಮಲ್ಲಿ ಉಳಿದಿದೆಯಾ ಎಂದು ಕೇಳಿದರು.

"ಎರಡು ಮಣ್ಣಿನ ಕುಂಡ ಅದಾವ್ರಿ" ಅಂದೆ.

"ಗಿಡ ಐತಾ ಅದ್ರಾಗೆ?"

"ಈಗ ಮ್ಯಾಲೇನೂ ಕಾಣಂಗಿಲ್ರಿ."

"ಅಂಗಾರೆ ಬಿಡಿ ಸಾರ್. ಖಾಲಿ ಕುಂಡಕ್ಕೆ ಅಷ್ಟು ದೂರ ಯಾರು ಬತ್ತಾರೆ. ನೀವೇ ಇಟ್ಕಳಿ."

ಆತ ಕೆಟ್ಟ ಮನುಷ್ಯನಲ್ಲ, ನೋಡಿದ್ದೇನೆ. ಕುಂಡ ಖಾಲಿಯಲ್ಲ ಎಂದು ಹೇಳಬೇಕೆಂದು ಬಾಯಿ ತೆರೆದೆ, ಆದರೆ ಅದು ಒಂದು ಮಾತಿನಲ್ಲಿ ಹೇಳುವ ಸಂಗತಿಯಲ್ಲ. ಅವರ ಅಕ್ಕ ಅದನ್ನು ನಮ್ಮ ಮನೆಯವರಿಗೆ ತಿಳಿಸಲು ಒಂದು ಇಡೀ ಬೇಸಿಗೆ ತೆಗೆದುಕೊಂಡಿದ್ದರು.

ಮೇಡಂ ನಮ್ಮೂರಿನ ಕರೆಂಟ್ ಆಫೀಸಿನಲ್ಲಿ ಬಿಲ್ಲಿನ ಸೆಕ್ಷನ್ನಿಗೆ ವರ್ಗವಾಗಿ ಬಂದವರು. ಆಗಲೇ ಐವತ್ತು ದಾಟಿತ್ತು. ತೆಳ್ಳಗೆ, ಎತ್ತರಕ್ಕೆ ಇದ್ದರು, ನಡೆಯುವಾಗ ತಲೆ ಸ್ವಲ್ಪ ಮುಂದಕ್ಕೆ ಬಾಗುತ್ತಿತ್ತು. ಸದಾ ನೆಲದ ಮೇಲೆ ಏನೋ ಹುಡುಕುತ್ತಿರುವವರ ಹಾಗೆ ಕಾಣುತ್ತಿದ್ದರು. ಮನೆ ಕೇಳಲು ಬಂದ ದಿನ ನಮ್ಮ ಅವ್ವ ಕಟ್ಟೆಯ ಮೇಲೆ ಕೂತು ಅವರ ಪರೀಕ್ಷೆ ಮಾಡಿದಳು. ನಮ್ಮದು ಲಿಂಗ ಕಟ್ಟಿದ ಮನೆ. ಅವ್ವ ಇರುವೆ ಸಾಲು ಕಂಡರೂ ಸೀರೆ ಎತ್ತಿ ದಾಟುವವಳು. ಮನೆಯಲ್ಲಿ ಮಾಂಸ ಮೊಟ್ಟೆ ಏನೂ ಆಗುವುದಿಲ್ಲ ಅಂದಳು. ನಾನೂ ತಿನ್ನುವುದಿಲ್ಲ ಎಂದು ಮೇಡಂ ಹೇಳಿದರು. ಅವ್ವನಿಗೆ ಅಷ್ಟು ಸಾಲದು.

"ತಿನ್ನೋರು ಯಾರರ ಬಂದು ಹೋಗಿ ಮಾಡೋರು ಅದಾರೇನ್ರಿ?"

ಮೇಡಂ ತುಸು ಹೊತ್ತು ಸುಮ್ಮನಿದ್ದರು. ಆಮೇಲೆ, "ಜನ ಯಾರೂ ಬರಲ್ಲ ಅಮ್ಮ" ಅಂದರು.

ಆ ಸುಮ್ಮನಿದ್ದ ಹೊತ್ತಿನಲ್ಲಿ ಅವರು ಸುಳ್ಳಿಗೂ ನಿಜಕ್ಕೂ ನಡುವೆ ದಾರಿ ಹುಡುಕುತ್ತಿದ್ದರು ಎಂದು ಆಮೇಲೆ ಗೊತ್ತಾಯಿತು. ಹೇಳಿದ್ದರಲ್ಲಿ ಸುಳ್ಳಂತೂ ಇರಲಿಲ್ಲ. ಅವರಿದ್ದಷ್ಟು ವರ್ಷವೂ ಆ ಮೆಟ್ಟಿಲು ಹತ್ತಿ ಅವರನ್ನು ನೋಡಲು ಬಂದವರೆಂದರೆ ಗ್ಯಾಸಿನ ಹುಡುಗ, ಹಬ್ಬಕ್ಕೆ ಕರೆದೊಯ್ಯಲು ಬರುತ್ತಿದ್ದ ಆ ತಮ್ಮ, ಅಷ್ಟೇ. ಹಬ್ಬಕ್ಕೆ ಹೋದವರು ಮರುದಿನವೇ ವಾಪಸು ಬರುತ್ತಿದ್ದರು. ಮದುವೆಯಾಗಿತ್ತೋ ಇಲ್ಲವೋ, ಆಗಿದ್ದರೆ ಏನಾಯಿತೋ, ನಾವು ಕೇಳಲಿಲ್ಲ, ಅವರು ಹೇಳಲಿಲ್ಲ. ಬಾಗಿಲಲ್ಲಿ ಒಂದು ಜೊತೆ ಗಂಡಸರ ಚಪ್ಪಲಿ ಮಾತ್ರ ಯಾವಾಗಲೂ ಇರುತ್ತಿತ್ತು. ಅದರ ಮೇಲಿನ ಧೂಳು ಅಲುಗಾಡುವುದಿಲ್ಲ ಎಂಬುದನ್ನು ಅವ್ವ ಎರಡನೇ ವಾರದಲ್ಲೇ ಕಂಡುಹಿಡಿದು, ಯಾರದು ಎಂದು ಕೇಳಿಯೂಬಿಟ್ಟಳು. "ಅಂಗಡೀಲಿ ತಗೊಂಡಿದ್ದು ಕಣಮ್ಮ, ಕಾವಲಿಗಿರ್ಲಿ ಅಂತ" ಎಂದು ಮೇಡಂ ನಕ್ಕರಂತೆ. ಒಂಟಿ ಹೆಂಗಸರು ಹಾಗೆ ಮಾಡುತ್ತಾರೆಂದು ನನಗೂ ಗೊತ್ತು. ಆದರೂ ಆ ಚಪ್ಪಲಿಯನ್ನು ತಿಂಗಳಿಗೊಮ್ಮೆ ಒರೆಸಿ ಇಡಬೇಕೆಂದು ಅವರಿಗೆ ಆಗ ಹೊಳೆಯಿತು ಅಂತ ಕಾಣುತ್ತದೆ. ಆಮೇಲೆ ಧೂಳು ಕಾಣಲಿಲ್ಲ.

ತಾನಾಯಿತು ತನ್ನ ಪಾಡಾಯಿತು ಅನ್ನುವ ಜನರ ಮೇಲೆ ಊರಿಗೆ ಒಂದು ಕಣ್ಣು ಹೆಚ್ಚು. ಮೇಡಂ ಸಂಜೆ ಆಫೀಸಿನಿಂದ ಬರುವಾಗ ಕೈಯಲ್ಲಿ ಒಂದು ಬಿಳಿ ಕ್ಯಾನು ಇರುತ್ತಿತ್ತು. ಸಾಹೇಬರ ರೂಮಿನ ಎಸಿಯಿಂದ ತೊಟ್ಟಿಕ್ಕುವ ನೀರು ಅದು. ಇಡೀ ದಿನ ಕಿಟಕಿಯ ಕೆಳಗೆ ಕ್ಯಾನು ಇಟ್ಟು, ತುಂಬಿದ್ದಷ್ಟನ್ನು ಹೊತ್ತು ತರುತ್ತಿದ್ದರು. ಕರೆಂಟ್ ಆಫೀಸಿನವರು ಕರೆಂಟು ಕದಿಯುವುದು ಕೇಳಿದ್ದೀವಿ, ನೀರು ಒಯ್ಯುವವರನ್ನು ಇದೇ ನೋಡುವುದು ಎಂದು ಪಕ್ಕದ ಮನೆಯವರು ನಗುತ್ತಿದ್ದರು. ನಮ್ಮೂರಿನ ಬೋರಿನ ನೀರು ಎಂಥದ್ದೆಂದು ನಿಮಗೆ ಗೊತ್ತಿರಬೇಕು. ಒಂದು ವಾರ ಬಿಟ್ಟರೆ ಕೊಡದ ಒಳಗೆ ಸುಣ್ಣ ಬಳಿದ ಹಾಗೆ ಕಟ್ಟುತ್ತದೆ. ಆ ನೀರಲ್ಲಿ ನಾವು ಬದುಕುತ್ತೇವೆ, ಅವರ ಗಿಡ ಬದುಕುವುದಿಲ್ಲ. ಮಳೆ ನೀರು ಬೇಕು, ಇಲ್ಲವೆಂದರೆ ಆ ಎಸಿ ನೀರು. ಮಳೆಯನ್ನು ನಂಬಿಕೊಂಡು ಗಿಡ ಸಾಕುವ ಊರಲ್ಲವಲ್ಲ ನಮ್ಮದು.

ಗಿಡ ಏನೆಂದು ಮೊದಲ ಸಲ ಕಂಡದ್ದು ಪಕ್ಕದ ಮನೆಯವರೇ. ಪುಷ್ಯಮಾಸದಲ್ಲಿ ಸಂಡಿಗೆ ಒಣಹಾಕಲು ಮಹಡಿಗೆ ಬಂದವರು, ಮೇಡಂ ಆಫೀಸಿಗೆ ಹೋದ ಹೊತ್ತಿನಲ್ಲಿ, ಸಾಲಾಗಿಟ್ಟ ಮೂರು ಎತ್ತರದ ಕುಂಡಗಳ ಹತ್ತಿರ ಬಗ್ಗಿ ನೋಡಿದ್ದಾರೆ. ಓಡುತ್ತಾ ಇಳಿದು ಬಂದು ಅವ್ವನನ್ನು ಕರೆದುಕೊಂಡು ಹೋದರು. ಅವತ್ತು ಅಮಾವಾಸ್ಯೆ, ಅಂಗಡಿ ರಜ. ನಾನೂ ಹಿಂದೆ ಹೋದೆ.

ಗೇಣಿಗಿಂತ ಚಿಕ್ಕದಾದ ಸಣ್ಣ ಗಿಡ. ದಾರದಂಥ ಕಾಂಡ, ಅದರಲ್ಲಿ ಅರ್ಧಚಂದ್ರನ ಆಕಾರದ ಎಲೆಗಳು. ಎಲೆಯ ತುಂಬ ಕೆಂಪು ಕೂದಲು, ಪ್ರತಿ ಕೂದಲಿನ ತುದಿಗೂ ಒಂದು ಹನಿ. ಬಿಸಿಲೇರಿದ್ದರೂ ಆ ಹನಿ ಆರಿರಲಿಲ್ಲ. ಅದರಲ್ಲೊಂದು ಎಲೆ ಮುದುರಿಕೊಂಡಿತ್ತು, ಒಳಗೆ ಒಂದು ಗುಂಗಾಡು ಹುಳ. ಅದರ ಒಂದು ಕಾಲು ಇನ್ನೂ ಅಲುಗುತ್ತಿತ್ತು. ಅವ್ವ ಕೈಯಲ್ಲಿದ್ದ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಳು.

ಸಂಜೆ ಮೇಡಂ ಮೆಟ್ಟಿಲು ಹತ್ತುವ ಮೊದಲೇ ಅವ್ವ ಕಡ್ಡಿ ಮುರಿದ ಹಾಗೆ ಹೇಳಿದಳು. ಯುಗಾದಿಯವರೆಗೆ ಟೈಮು, ಅಷ್ಟರಲ್ಲಿ ಬೇರೆ ಮನೆ ನೋಡಿಕೊಳ್ಳಬೇಕು. ಮೇಡಂ ವಾದ ಮಾಡಲಿಲ್ಲ. ಹುಳ ತಿನ್ನುವುದು ಆ ಗಿಡದ ಹುಟ್ಟುಗುಣ, ಮಣ್ಣಿನಲ್ಲಿ ಏನೂ ಸಿಗದ ಕಡೆ ಹುಟ್ಟುವುದರಿಂದ ಹಾಗೆ ಎಂದಷ್ಟು ಹೇಳಿದರು. ಅವ್ವ ಕೇಳಿಸಿಕೊಳ್ಳಲಿಲ್ಲ. ಕ್ಯಾನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡು ಮೇಲೆ ಹೋದರು.

ಆಮೇಲೆ ಅವರು ಬಾಡಿಗೆ ಕೊಡಲು ಬಂದಾಗಲೋ, ನೀರಿನ ಮೋಟರು ಕೆಟ್ಟು ನಾನು ಮೇಲೆ ಹೋದಾಗಲೋ ಕೇಳಿ ತಿಳಿದದ್ದು ಅಷ್ಟಿಷ್ಟು. ಮಡಕಶಿರಾದ ಬೆಟ್ಟದ ಬುಡದಲ್ಲಿ, ಮಳೆ ನಿಂತ ಮೇಲೆ ಬಂಡೆಯಿಂದ ನೀರು ಜಿನುಗುವ ಮರಳಿನಲ್ಲಿ, ಇದರದೇ ಕುಲದ ಕೆಂಪು ಪುಟ್ಟ ಗಿಡಗಳು ಏಳುತ್ತಿದ್ದವಂತೆ. ಕುರಿ ಕಾಯುವವರು ನೋಡಿಯೂ ನೋಡದೆ ತುಳಿದು ಹೋಗುತ್ತಿದ್ದರು. ಸಣ್ಣವಳಿದ್ದಾಗ ಇವರು ಇಬ್ಬನಿ ಎಂದುಕೊಂಡು ಮುಟ್ಟಿದ್ದಾರೆ, ಬೆರಳಿಗೆ ಅಂಟಿಕೊಂಡಿದೆ. "ಏನೋ ನನ್ನ ಬೆರಳು ಹಿಡ್ಕಂಡಂಗಾತು ಕಣಪ್ಪ" ಅಂದರು ನನಗೆ. ಅಲ್ಲಿಂದ ಈ ಹುಚ್ಚು. ಹುಳ ಹಿಡಿಯುವ ಹೂಜಿ ಗಿಡವನ್ನೂ ಒಮ್ಮೆ ತರಿಸಿದ್ದರು, ರಾಯದುರ್ಗದ ಮೊದಲ ಬೇಸಿಗೆಗೇ ಸುಟ್ಟುಹೋಯಿತು. ಉಳಿದದ್ದು ಈ ಮೂರು ಕುಂಡ. ಊಟಿ ಕಡೆಯ ಹುಲ್ಲುಗಾವಲಿನಲ್ಲಿ ಬೆಳೆಯುವ ಜಾತಿಯಂತೆ, ಅದರ ಬೀಜ ಯಾರೋ ಗಿಡ ಸಾಕುವವರು ಅಂಚೆಯಲ್ಲಿ ಕಳಿಸಿದ್ದು. ಗಸಗಸೆಗಿಂತ ಸಣ್ಣ ಬೀಜದಿಂದ ಎಬ್ಬಿಸಿ, ಹೂ ಕಾಣಲು ವರ್ಷಗಟ್ಟಲೆ ಕಾದಿದ್ದರು.

ಅವರ ಮಾತು ಕಡಿಮೆ, ಆದರೆ ಗಿಡದ ವಿಷಯ ಬಂದರೆ ಕೆಲವು ಮಾತು ಮತ್ತೆ ಮತ್ತೆ ಬರುತ್ತಿದ್ದವು. ಒಂದು, "ಇವುಕ್ಕೆ ಬಡತನ ಬೇಕು." ಗೊಬ್ಬರ ಹಾಕಿದರೆ ಸಾಯುತ್ತದೆ, ಒಳ್ಳೆ ಮಣ್ಣಿಗಿಟ್ಟರೆ ಸಾಯುತ್ತದೆ. ಹಗರಿ ಹೊಳೆಯ ಮರಳು ತಂದು, ತೊಳೆದ ನೀರು ತಿಳಿಯಾಗುವವರೆಗೂ ತೊಳೆದು ಅದರಲ್ಲಿ ನೆಡಬೇಕು. ಇನ್ನೊಂದು, "ಚೆನ್ನಾಗಿ ನೋಡ್ಕಂಡ್ರೆ ಹೋಗ್ಬಿಡ್ತವೆ." ಇದನ್ನು ಹೇಳುವಾಗ ನಗುತ್ತಿದ್ದರು. ನನ್ನ ಹೆಂಡತಿ ಹೋಳಿಗೆ ಮಾಡಿದ ದಿನ ಮೇಲಕ್ಕೆ ಒಂದು ತಟ್ಟೆ ಕಳಿಸುತ್ತಿದ್ದಳು. ತಟ್ಟೆ ತೊಳೆದು, ಖಾಲಿ ಕೊಡಬಾರದೆಂದು ಮೇಲೆ ಒಂದು ಹಿಡಿ ಸಕ್ಕರೆ ಹಾಕಿ, ಬಾಗಿಲಲ್ಲೇ ಕೊಟ್ಟು ಹೋಗುತ್ತಿದ್ದರು. ಒಳಗೆ ಬರ್ರಿ ಅಂದರೆ ಒಲೆ ಮೇಲೆ ಹಾಲಿದೆ ಅನ್ನುತ್ತಿದ್ದರು. ಅವರ ಒಲೆಯ ಮೇಲೆ ಸದಾ ಹಾಲಿರುತ್ತಿತ್ತು.

ಶಿವರಾತ್ರಿ ಕಳೆದ ಮೇಲೆ ಅವ್ವ, ಮನೆ ಖಾಲಿ ಮಾಡುವ ಸಿದ್ಧತೆ ಏನಾದರೂ ನಡೆದಿದೆಯಾ ನೋಡಲು ಮಹಡಿಗೆ ಹೋದಳು. ಮಂಡಿ ನೋವಿನ ಹೆಂಗಸು, ಜೊತೆಗೆ ನನ್ನನ್ನೂ ಕರೆದಳು. ಒಳಗೆ ಹೋದರೆ ಬೆಂಕಿ. ಆರ್‌ಸಿಸಿ ಮಾಡು ಮಧ್ಯಾಹ್ನದ ಬಿಸಿಲನ್ನೆಲ್ಲ ಕುಡಿದು ಕೆಳಗೆ ಕಕ್ಕುತ್ತಿತ್ತು. ಮೇಡಂ ಆ ಮೂರು ಕುಂಡಕ್ಕೆ ಹಸಿ ಗೋಣಿಚೀಲ ಸುತ್ತಿ ಮಂಚದ ಕೆಳಗೆ ತಳ್ಳುತ್ತಿದ್ದರು. ಇದ್ದ ಒಂದೇ ಫ್ಯಾನನ್ನು ನೆಲದ ಮೇಲಿಟ್ಟು ಮಂಚದ ಕೆಳಗೆ ತಿರುಗಿಸಿದ್ದರು. ಅವರ ರವಿಕೆ ಬೆವರಿಗೆ ಬೆನ್ನಿಗಂಟಿತ್ತು. ಕುಂಡದಲ್ಲಿ ಗಿಡವೇ ಇಲ್ಲ, ಬರೀ ಮರಳು.

"ಎಲ್ಲಿ ಹೋದವು?" ಅವ್ವ ಕೇಳಿದಳು. ದನಿಯಲ್ಲಿ ಸ್ವಲ್ಪ ಆಸೆಯೂ ಇತ್ತು, ಸತ್ತಿದ್ದರೆ ಒಳ್ಳೆಯದಾಯಿತು ಎಂಬಂತೆ.

"ಮಲಗವೆ ಅಮ್ಮ. ಕೆಳಗೆ ಗೆಡ್ಡೆ ಐತೆ. ಶಿವರಾತ್ರಿ ಹೊತ್ತಿಗೆ ಮೇಲಿಂದೆಲ್ಲ ಒಣಗಿಸ್ಕಂಡು ಒಳಕ್ಕೆ ಹೋಗ್ತವೆ, ದಸರಾ ಕಳೆದು ತಂಪಾದ್ರೆ ಎದ್ದು ಬರ್ತವೆ. ಅಲ್ಲೀಗಂಟ ತಣ್ಣಗಿರ್ಬೇಕು. ಈ ಶೆಕೇಲಿ ಗೆಡ್ಡೆ ಬೆಂದೋಗುತ್ತೆ."

"ಅಲ್ಲೀಮಟ ಏನ್ ತಿಂತಾವು?"

"ಏನೂ ಇಲ್ಲ."

"ನೊಣ?"

"ಬಾಯೇ ಇಲ್ವಲ್ಲಮ್ಮ ಈಗ."

"ನೀರರ?"

"ಅದೂ ಇಲ್ಲ. ಎಲ್ಲಾರ ಒಂಚೂರು ಪಸೆ ಆಡಿದ್ರೆ ಆತು."

ಅವ್ವ ಮಂಚದ ಕೋಲು ಹಿಡಿದುಕೊಂಡು ನಿಂತೇ ಯೋಚಿಸಿದಳು. ಶಿವರಾತ್ರಿಯ ಒಂದು ದಿನದ ಉಪವಾಸಕ್ಕೇ ಮಾರನೇ ದಿನ ಊರೆಲ್ಲ ಹೇಳಿಕೊಂಡು ಬರುವವಳು ಅವಳು. ನಿರಾಹಾರ, ನಿರ್ಜಲ, ಅದೂ ದಸರಾವರೆಗೆ. ಅವಳ ಲೆಕ್ಕದಲ್ಲಿ ಅದು ದೊಡ್ಡ ಸ್ವಾಮಿಗಳೂ ಮಾಡದ ವ್ರತ.

"ನಮ್ಮ ದೇವ್ರ ಮನಿ ತಣ್ಣಗೈತಿ" ಅಂದಳು ಕೊನೆಗೆ. "ಕಲ್ಲು ಚಪ್ಪಡಿ. ಅಲ್ಲಿ ಇಡ್ರಿ."

ನಾನು ಅವ್ವನ ಮುಖ ನೋಡಿದೆ. ಅವಳು ನನ್ನ ಕಡೆ ತಿರುಗಿ, "ಉಪವಾಸ ಇದ್ದೋರಿಗೆ ಯಾವ ಮೈಲಿಗಿನೂ ಇಲ್ಲ, ಹಿಡಕೋ ಆ ಕುಂಡ" ಅಂದಳು.

ಮನೆ ಬಿಡುವ ಮಾತು ಅವತ್ತಿಗೆ ಮುಗಿಯಿತು. ಯಾರೂ ಅದನ್ನು ಮತ್ತೆ ಎತ್ತಲಿಲ್ಲ. ಮೂರು ಕುಂಡಗಳೂ ದೇವರ ಮನೆಯ ಬಡಗಣ ಮೂಲೆಯಲ್ಲಿ ಕೂತವು, ಅವ್ವ ಅವಕ್ಕೆ ಮೂರು ಬೆರಳಿನಿಂದ ವಿಭೂತಿಯನ್ನೂ ಎಳೆದಳು. ತಿಂಗಳಿಗೆ ಎರಡು ಸಲ ಮೇಡಂ ಸ್ನಾನ ಮಾಡಿಕೊಂಡು ಕೆಳಗೆ ಬರುತ್ತಿದ್ದರು. ತೋರುಬೆರಳಿನ ಹಿಂಭಾಗವನ್ನು ಮರಳಿನ ಮೇಲೆ ಒತ್ತಿ, ಜ್ವರ ನೋಡುವವರ ಹಾಗೆ ತುಸು ಹೊತ್ತು ಹಿಡಿದು, ಎದ್ದು ಹೋಗುತ್ತಿದ್ದರು. ಹಾಗೆ ಬಂದಾಗಲೆಲ್ಲ ಅವ್ವನ ಹತ್ತಿರ ಎರಡು ಮಾತು. ನಾಲ್ಕು ವರ್ಷ ಬಾಗಿಲಲ್ಲೇ ನಿಂತ ಮನುಷ್ಯರು ಹೀಗೆ ಗಿಡದ ನೆಪದಲ್ಲಿ ಒಳಗೆ ಬಂದರು.

ಆ ವರ್ಷ ದಸರಾ ಕಳೆದು ಗಿಡ ಎದ್ದವು, ಉಪವಾಸ ಮುಗಿಯಿತೆಂದು ಅವ್ವ ಕುಂಡಗಳನ್ನು ಮತ್ತೆ ಮಹಡಿಗೆ ಕಳಿಸಿದಳು. ಏಳುವ ಮುಂಚೆ ಮರಳು ಬದಲಾಯಿಸುವಾಗ ಮೇಡಂ ಒಂದು ಗೆಡ್ಡೆಯನ್ನು ಅಂಗೈಯಲ್ಲಿಟ್ಟು ನಮಗೆ ತೋರಿಸಿದ್ದರು. ತೊಗರಿಕಾಳಿನಷ್ಟಿತ್ತು. "ಗಿಡ ಅಂದ್ರೆ ಇಷ್ಟೇ. ಮೇಲೆ ಬರಾದೆಲ್ಲ ಅಂಗಿ ಇದ್ದಂಗೆ" ಅಂದರು. ಪ್ರತಿ ವರ್ಷ ಹಳೆಯ ಗೆಡ್ಡೆ ಕರಗಿ, ಅದರ ಕೆಳಗೆ ಹೊಸದು ಕಟ್ಟುತ್ತದೆ, ಹೀಗೆ ವರ್ಷದಿಂದ ವರ್ಷಕ್ಕೆ ಸ್ವಲ್ಪ ಸ್ವಲ್ಪ ಆಳಕ್ಕಿಳಿಯುತ್ತಾ ಹೋಗುತ್ತದೆ ಎಂದರು. ಅದಕ್ಕೇ ಎತ್ತರದ ಕುಂಡ. ನನಗೆ ಆಗ ಅವರನ್ನೇ ನೋಡಬೇಕೆನಿಸಿತು, ಆದರೆ ಹಾಗೆ ನೋಡುವುದು ಸರಿಯಲ್ಲ ಎಂದು ಗೆಡ್ಡೆಯನ್ನೇ ನೋಡಿದೆ.

ಧನುರ್ಮಾಸದ ಒಂದು ಬೆಳಗ್ಗೆ ನಮ್ಮ ಬಾಗಿಲು ಬಡಿದರು. ನಮ್ಮನ್ನು ಮೇಲೆ ಕರೆಯಲು ಅವರು ಬಾಗಿಲು ಬಡಿದದ್ದು ಅದೊಂದೇ ಸಲ. ಹೂ ಬಿಟ್ಟಿದೆ, ಮಧ್ಯಾಹ್ನಕ್ಕೆ ಮುಚ್ಚಿಕೊಳ್ಳುತ್ತದೆ, ಬಂದು ನೋಡಿ ಅಂದರು. ನಾನು, ಹೆಂಡತಿ, ಅವ್ವ ಮೂವರೂ ಹತ್ತಿದೆವು. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಬಿಳಿ ಹೂ. ಇಷ್ಟಕ್ಕೆ ಇಷ್ಟು ರಗಳೆಯಾ ಎಂದು ನನಗನ್ನಿಸಿದ್ದು ನಿಜ. ಮೇಡಂ ಹೂವನ್ನು ನೋಡುತ್ತಿರಲಿಲ್ಲ, ನಾವು ನೋಡುವುದನ್ನು ನೋಡುತ್ತಿದ್ದರು. ಅವ್ವ ಬಹಳ ಹೊತ್ತು ಬಗ್ಗಿ ನೋಡಿ, ಮಲ್ಲಿಗೆ ಕೂಡ ಇಷ್ಟು ಬೆಳ್ಳಗಿರಂಗಿಲ್ಲ ಅಂದಳು. ಅವತ್ತು ಮೇಡಂ ನಮಗೆಲ್ಲ ಚಹಾ ಮಾಡಿಕೊಟ್ಟರು. ಲೋಟ ಎರಡೇ ಇದ್ದವು. ನಾವು ಇಬ್ಬರಿಬ್ಬರಾಗಿ ಕುಡಿದೆವು.

ಮುಂದಿನ ಬೇಸಿಗೆಯಲ್ಲಿ ಒಂದು ತಪ್ಪು ನಡೆಯಿತು. ನಮ್ಮಲ್ಲಿ ಲಿಂಗಕ್ಕೆ ಎರೆದ ನೀರನ್ನು ತುಳಿಯುವ ಕಡೆ ಚೆಲ್ಲುವುದಿಲ್ಲ, ಗಿಡದ ಬುಡಕ್ಕೆ ಹಾಕುತ್ತೇವೆ. ಅಂಗಳದ ದಾಸವಾಳಕ್ಕೆ ಹಾಕಿ ಬರುತ್ತಿದ್ದ ಅವ್ವನಿಗೆ ಆ ವರ್ಷ ಮಂಡಿ ಜಾಸ್ತಿಯಾಯಿತು. ದೇವರ ಮನೆಯಲ್ಲೇ ಗಿಡ ಇದೆಯಲ್ಲ. ಪಾಪ, ಎಷ್ಟು ದಿನ ಬಾಯಿ ಒಣಗಿಸಿಕೊಂಡಿರುತ್ತದೆ, ದೇವರ ನೀರು ಉಪವಾಸ ಮುರಿಯುವುದಿಲ್ಲ ಎಂದು ತನಗೆ ತಾನೇ ತೀರ್ಮಾನ ಮಾಡಿಕೊಂಡು, ಕೈಗೆ ಹತ್ತಿರವಿದ್ದ ಕುಂಡಕ್ಕೆ ದಿನಾ ಒಂದು ಉದ್ಧರಣೆ ನೀರು ಎರೆದಳು. ಸೋಮವಾರ ಅದರಲ್ಲಿ ಹಾಲೂ ಇರುತ್ತಿತ್ತು. ಭಕ್ತಿಯಿಂದಲೇ ಮಾಡಿದ್ದು. ಮೇಡಂ ಅದೇ ಬೇಸಿಗೆ ಅನಂತಪುರದ ಆಫೀಸಿಗೆ ಡೆಪ್ಯುಟೇಶನ್ ಮೇಲೆ ಹೋಗಿದ್ದರಿಂದ ಬೆರಳಿಟ್ಟು ನೋಡುವವರೂ ಇರಲಿಲ್ಲ.

ದಸರಾ ಕಳೆದ ಮೇಲೆ ಎರಡು ಕುಂಡದಲ್ಲಿ ಕೆಂಪು ಮೊಳಕೆ ಬಂತು, ಮೂರನೆಯದರಲ್ಲಿ ಬರಲಿಲ್ಲ. ಮೇಡಂ ನಮ್ಮ ಅಂಗಳದಲ್ಲೇ ಪೇಪರು ಹಾಸಿ ಅದನ್ನು ಬೋರಲು ಹಾಕಿದರು. ಮರಳಿನಿಂದ ಹುಳಿ ವಾಸನೆ ಬಂತು. ಗೆಡ್ಡೆ ಇದ್ದ ಜಾಗದಲ್ಲಿ ಬೆರಳಿಗೆ ಅಂಟುವ ಲೋಳೆ ಮಾತ್ರ ಸಿಕ್ಕಿತು. ಅವ್ವ ಸುಳ್ಳು ಹೇಳುವ ಹೆಂಗಸಲ್ಲ, ಎಲ್ಲ ಹೇಳಿದಳು. ಹಾಲಿನ ವಿಷಯವನ್ನೂ ಹೇಳಿದಳು. ನಾನು ಕೊಂದೆ ಎಂದು ಕಣ್ಣಲ್ಲಿ ನೀರು ಹಾಕಿಕೊಂಡಳು. ಇರುವೆಯನ್ನು ದಾಟಿ ನಡೆಯುವವಳಿಗೆ ಆ ಮಾತು ಹೇಳುವುದು ಸುಲಭವಾಗಿರಲಿಲ್ಲ.

ಮೇಡಂ ಬೆರಳನ್ನು ಪೇಪರಿಗೆ ಒರೆಸುತ್ತಾ ಕೂತಿದ್ದರು. ಬೈಯುತ್ತಾರೆ, ಇಲ್ಲ ಎದ್ದು ಹೋಗುತ್ತಾರೆ ಎಂದು ನಾನು ಕಾಯುತ್ತಿದ್ದೆ.

"ಬಿಡಿ ಅಮ್ಮ" ಅಂದರು. "ಇಷ್ಟು ವರ್ಷಕ್ಕೆ ನನ್ನ ಗಿಡಕ್ಕೆ ಇನ್ನೊಬ್ರು ನೀರು ಹಾಕಿದ್ದು ಇದೇ ಮೊದ್ಲು."

ಮರಳನ್ನು ಪೇಪರಿನಲ್ಲಿ ಮಡಚಿಕೊಂಡು ಮೇಲೆ ಹೋದರು. ಅವರು ಕೋಪ ಮಾಡಿಕೊಂಡಿದ್ದರೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಒಂದು ಗಿಡ ಸತ್ತರೂ ಪರವಾಗಿಲ್ಲ, ಯಾರೋ ಒಬ್ಬರು ನೀರು ಹಾಕಿದರಲ್ಲ ಎಂದು ಲೆಕ್ಕ ಹಾಕುವ ಮಟ್ಟಿಗೆ ಒಬ್ಬ ಹೆಂಗಸು ಒಂಟಿಯಾಗಿರಬಹುದು ಎಂದು ನಾನು ಎಣಿಸಿರಲಿಲ್ಲ. ನಮ್ಮ ತಲೆಯ ಮೇಲೆಯೇ ಅವರು ಓಡಾಡುವ ಸಪ್ಪಳ ದಿನಾ ಕೇಳುತ್ತಿತ್ತು. ಅವ್ವ ಅವತ್ತಿನಿಂದ ಮೇಡಂ ಅನ್ನುವುದನ್ನು ಬಿಟ್ಟು ತಂಗಿ ಅನ್ನತೊಡಗಿದಳು.

ಹೋದ ಬೇಸಿಗೆಯಲ್ಲಿ ಅವರು ರಿಟೈರ್ ಆದರು. ಆಫೀಸಿನ ಸನ್ಮಾನಕ್ಕೆ ಮನೆಯವರ ಪರವಾಗಿ ಅಂತ ನನ್ನನ್ನೂ ಕರೆದಿದ್ದರು. ಅವರ ತಮ್ಮ, ತನ್ನ ಬೀಗರ ಕಡೆಯ ಮದುವೆಯಲ್ಲಿದ್ದ. ಶಾಲು ಹೊದಿಸಿದರು, ಒಬ್ಬೊಬ್ಬರೇ ಎದ್ದು ಮಾತಾಡಿದರು. ಅಷ್ಟು ವರ್ಷ ಪಕ್ಕದ ಮೇಜಿನಲ್ಲಿ ಕೂತವರಿಗೂ ಟೈಮಿಗೆ ಸರಿಯಾಗಿ ಬರುತ್ತಿದ್ದರು ಎಂಬುದಕ್ಕಿಂತ ಹೆಚ್ಚು ಹೇಳಲು ಇರಲಿಲ್ಲ. ಸಾಹೇಬರು ತೆಲುಗಿನಲ್ಲಿ, ಇನ್ನು ನನ್ನ ಎಸಿ ನೀರು ಯಾರ ಪಾಲು ಎಂದು ತಮಾಷೆ ಮಾಡಿದರು, ಎಲ್ಲರೂ ನಕ್ಕರು, ಮೇಡಂ ಕೂಡ. ಹಾಕಿದ್ದ ಹಾರವನ್ನು ತಂದು ಅವ್ವನ ದೇವರಿಗೆ ಕೊಟ್ಟರು.

ತಮ್ಮನ ಮನೆಯಲ್ಲಿ ಅವರಿಗೆ ಒಂದು ರೂಮು ಮಾಡಿದ್ದರು. ಹೊರಡುವ ದಿನ ಎರಡು ಟ್ರಂಕು, ಒಂದು ಮಡಚುವ ಮಂಚ, ಅಷ್ಟೇ ಸಾಮಾನು. ಕುಂಡ ಒಯ್ಯುವ ಹಾಗಿರಲಿಲ್ಲ. ಮಲಗಿದ ಗೆಡ್ಡೆಯನ್ನು ಬಿಸಿಲಲ್ಲಿ ಕುಲುಕುತ್ತಾ ಅಷ್ಟು ದೂರ ತೆಗೆದುಕೊಂಡು ಹೋದರೆ ಉಳಿಯುವುದಿಲ್ಲ. ದೇವರ ಮನೆಗೆ ಬಂದು, ಎರಡೂ ಕುಂಡದ ಮೇಲೆ ಬೆರಳೊತ್ತಿ ನೋಡಿದರು.

"ದಸರಾ ಕಳೀಲಿ ಅಮ್ಮ, ಎದ್ದ ಮೇಲೆ ಬಂದು ಕರ್ಕಂಡೋಗ್ತೀನಿ. ಅಲ್ಲೀಗಂಟ ಇಲ್ಲೇ ಇರ್ಲಿ."

"ಒಂದು ಹನಿ ನೀರು ಮುಟ್ಟಸಂಗಿಲ್ಲ ತಂಗಿ, ಲಿಂಗದಾಣಿ" ಅಂದಳು ಅವ್ವ.

ಇಬ್ಬರೂ ನಕ್ಕರು. ಬಿಳಿ ಕ್ಯಾನನ್ನೂ ಬಿಟ್ಟು ಹೋದರು. ಮೇಲೆ ಹೋಗಿ ನೋಡಿದರೆ ಆ ಗಂಡಸರ ಚಪ್ಪಲಿಯೂ ಬಾಗಿಲಲ್ಲೇ ಇತ್ತು. ಮುಂದೆ ಬರುವವರಿಗೆ ಬೇಕಾಗಬಹುದು ಎಂದು ನನ್ನ ಹೆಂಡತಿಗೆ ಹೇಳಿದ್ದರಂತೆ.

ಶ್ರಾವಣದಲ್ಲಿ ಆ ಫೋನು ಬಂತು. ಅಂಗಡಿ ಮುಚ್ಚಿ ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವಳು ಹತ್ತಿಬತ್ತಿ ಹೊಸೆಯುತ್ತಿದ್ದಳು. ಕೈ ನಿಂತಿತು. "ಹತ್ರ ಯಾರಿದ್ರಂತ?" ಎಂದು ಕೇಳಿದಳು. ಮಲಗಿದ್ದಾರೆ ಎಂದು ತಿಳಿದು ಯಾರೂ ಎಬ್ಬಿಸಲಿಲ್ಲವಂತೆ ಅಂದೆ. ಅವ್ವ ಎದ್ದು ತಲೆಗೆ ನೀರು ಹಾಕಿಕೊಂಡಳು. ರಕ್ತಸಂಬಂಧವಿಲ್ಲದವರಿಗೆ ನಾವು ಹಾಗೆ ಮಾಡುವುದಿಲ್ಲ.

ಆ ಕುಂಡ ಏನು ಮಾಡೋಣ ಎಂದು ನನ್ನ ಹೆಂಡತಿ ಒಮ್ಮೆ ಕೇಳಿದಳು. ಅವ್ವ ದಿನಾ ಪೂಜೆಯಾದ ಮೇಲೆ ಲಿಂಗದ ನೀರಿನ ಬಟ್ಟಲನ್ನು ಎತ್ತಿಕೊಂಡು, ಗೋಡೆ ಹಿಡಿದು, ಮಂಡಿ ಎಳೆಯುತ್ತಾ ಅಂಗಳದ ದಾಸವಾಳದವರೆಗೂ ಹೋಗಿ ಬರುತ್ತಿದ್ದಳು. ಕುಂಡಗಳ ಮುಂದೆಯೇ ಹಾದು ಹೋಗುತ್ತಿದ್ದಳು, ಒಂದು ಹನಿಯೂ ಚೆಲ್ಲಲಿಲ್ಲ.

ದಸರಾ ಕಳೆದ ವಾರ ಬಿಳಿ ಕ್ಯಾನು ನನ್ನ ಕೈಗೆ ಕೊಟ್ಟು ಕರೆಂಟ್ ಆಫೀಸಿಗೆ ಅಟ್ಟಿದಳು. ಅಲ್ಲಿನ ಅಟೆಂಡರು ಕ್ಯಾನನ್ನು ನೋಡಿದವನೇ ಗುರುತು ಹಿಡಿದು, ಮೇಡಂಗಾರು ಹೇಗಿದ್ದಾರೆ ಎಂದು ಕೇಳಿದ. ವಿಷಯ ಹೇಳಿದೆ. ಅವನು ಕ್ಯಾನು ಇಸಿದುಕೊಂಡು, ತಾನೇ ಹೋಗಿ ಕಿಟಕಿಯ ಕೆಳಗಿಟ್ಟು ಬಂದ. ಸಂಜೆ ತುಂಬಿದ ಕ್ಯಾನು ಹಿಡಿದುಕೊಂಡು ಬಜಾರಿನಲ್ಲಿ ನಡೆದು ಬರುವಾಗ ಜನ ನನ್ನನ್ನು ನೋಡಿ ನಕ್ಕರು. ಆ ನಗುವಿನಲ್ಲಿ ಅವರು ದಿನಾ ಹೇಗೆ ನಡೆದರೋ ಎಂದುಕೊಂಡೆ.

ಒಂದು ಕುಂಡ ಎದ್ದಿತು. ಇನ್ನೊಂದು ಏಳಲಿಲ್ಲ, ಅವ್ವ ಅದನ್ನು ಬಗೆದು ನೋಡಲು ಬಿಡಲಿಲ್ಲ. ಎದ್ದ ಗಿಡದಲ್ಲಿ ಎಲೆ ಬಂತು, ಕೆಂಪು ಕೂದಲು ಬಂತು, ಹನಿ ಕಟ್ಟಿತು. ಉಪವಾಸ ಮುಗಿದ ಮೇಲೆ ಅದು ದೇವರ ಮನೆಯಲ್ಲಿರುವ ಹಾಗಿಲ್ಲ, ಮಹಡಿಗೆ ಒಯ್ಯಬೇಕು. ಮೊದಲಿನ ಕರಾರು ಅದೇ. ಒಯ್ಯಲೇ ಎಂದು ನಾನೇ ಕೇಳಿದೆ. ಮೇಲೆ ಯಾರೂ ಇಲ್ಲ, ಅಲ್ಲಿ ಯಾಕ ಅಂದಳು ಅವ್ವ. ಕುಂಡವನ್ನು ದೇವರ ಮನೆಯ ಸಣ್ಣ ಕಿಟಕಿಯಲ್ಲಿ, ಬೆಳಕು ಬೀಳುವ ಕಡೆ ಇರಿಸಿದಳು.

ಆ ಕಿಟಕಿಗೆ ಜಾಲರಿ ಇತ್ತು. ನೈವೇದ್ಯದ ಮೇಲೆ ನೊಣ ಕೂರಬಾರದೆಂದು, ನಮ್ಮಪ್ಪ ಇದ್ದಾಗಲೇ ಹಠ ಹಿಡಿದು ಅವ್ವ ಹೊಡೆಸಿದ್ದು. ಮೊನ್ನೆ ಬೆಳಗ್ಗೆ ಅಂಗಡಿಗೆ ಹೊರಟವನು ಕೈಮುಗಿಯಲು ದೇವರ ಮನೆಗೆ ಹೋದರೆ ಜಾಲರಿ ಇಲ್ಲ. ಮೊಳೆ ಕಿತ್ತು, ಸುತ್ತಿ ಮೂಲೆಗಿಟ್ಟಿದ್ದಳು. ಕಿಟಕಿ ಬಾಯ್ತೆರೆದುಕೊಂಡಿತ್ತು, ಹೊರಗಿನ ಚರಂಡಿಯ ಗಾಳಿ ನೇರ ಒಳಗೆ ಬರುತ್ತಿತ್ತು. ನೈವೇದ್ಯದ ಬೆಲ್ಲದ ಮೇಲೆ ಒಂದು ತಟ್ಟೆ ಬೋರಲು ಹಾಕಿದ್ದಳು.

"ಯಾಕ ಅವ್ವ ಕಿತ್ತಿ ಅದನ್ನ?" ಅಂದೆ.

ಅವಳು ಗಿಡದ ಕಡೆಯಿಂದ ಕಣ್ಣು ತೆಗೆಯಲಿಲ್ಲ. ಎಲೆಗಳ ಮೇಲೆ ಹನಿಗಳು ಹಾಗೇ ಇದ್ದವು, ಒಂದು ಎಲೆಯೂ ಮುದುರಿರಲಿಲ್ಲ.

"ಎದ್ದು ಇಷ್ಟು ದಿನ ಆತು" ಅಂದಳು. "ಅದರ ಹತ್ರ ಒಬ್ರೂ ಬಂದಿಲ್ಲೋ."

ಮಣೆಯನ್ನು ಕಿಟಕಿಯ ಹತ್ತಿರಕ್ಕೆ ಎಳೆದುಕೊಂಡು ಕೂತಳು.